ಸರ್ಕಾರದ ರಾಗಿ

ಬಿಸಿ ರಾಗಿಹಿಟ್ಟಿನ ವಾಸನೆಗೆ ನಿಮಗೆ ಮುದ್ದೆಯೋ ರೊಟ್ಟಿಯೋ ನೆನಪಾಗಬಹುದು. ನನಗೆ ಭದ್ರಾವತಿಯ ರೇಡಿಯೋ ಕೇಂದ್ರ ನೆನಪಾಗುತ್ತದೆ. ನಗಬೇಡಿ, ಯಾಕೆಂದು ಹೇಳುತ್ತೇನೆ.

ಹೋದ ತಿಂಗಳು ಶಿವಮೊಗ್ಗದ ನಮ್ಮ ವಿದ್ಯಾನಗರದ ಹಿಟ್ಟಿನ ಗಿರಣಿಯಲ್ಲಿ ಡಬ್ಬ ಹಿಡಿದು ನಿಂತಿದ್ದೆ. ಗಿರಣಿಯವನಿಗೆ ಲೋಕದ ಎಲ್ಲದರ ಮೇಲೂ ಅಭಿಪ್ರಾಯ ಉಂಟು. "ಈಗ ರೇಡಿಯೋ ಯಾರು ಕೇಳ್ತಾರಮ್ಮ? ಸುಮ್ನೆ ಸರ್ಕಾರದ ದುಡ್ಡು ದಂಡ" ಎಂದ. ನಾನೂ ಹೌದೆಂದು ತಲೆಯಾಡಿಸಿದೆ. ರೇಡಿಯೋದಲ್ಲೇ ನಾಲ್ಕು ಕಾಸು ಸಂಪಾದಿಸಿದವಳು, ನಾಚಿಕೆಯಾಗಬೇಕಿತ್ತು.

ಅಷ್ಟರಲ್ಲಿ ಹಿಂದಿನಿಂದ ಯಾರೋ ನನ್ನ ಕೈ ಹಿಡಿದರು. ರತ್ನ! ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿದ್ದ ಸಿದ್ದಮ್ಮನ ಮಗಳು. ಈಗ ಅವಳೂ ಅಜ್ಜಿ. ರಾಗಿಗುಡ್ಡದ ಕಡೆ ಮನೆಯಂತೆ, ಇಲ್ಲಿ ಮಗಳ ಮನೆಗೆ ಬಂದಿದ್ದಳು.

"ಅಕ್ಕಾ, ಅವ್ವನ ಮುಖಕ್ಕೆ ಫೋಟೋ ಇದೆ. ಧ್ವನಿ ಮಾತ್ರ ಮರ್ತೇ ಹೋಗ್ತಿದೆ ಕಣ್ರೀ. ಅವತ್ತು ರೇಡಿಯೋದಲ್ಲಿ ಹಾಡ್ಸಿದ್ರಲ್ಲ, ಅದು ಎಲ್ಲಾದ್ರೂ ಇದ್ಯಾ?"

ಇದೆ ಎನ್ನಲು ನನಗೆ ಧೈರ್ಯ ಬರಲಿಲ್ಲ. ಆಗ ಟೇಪುಗಳು ಕಡಿಮೆ. ಪ್ರಸಾರ ಮುಗಿದ ಮೇಲೆ ಅಳಿಸಿ ಅದರಲ್ಲೇ ಇನ್ನೊಂದನ್ನು ತುಂಬುತ್ತಿದ್ದೆವು. ನನ್ನ ಕೈಯಿಂದಲೇ ಎಷ್ಟು ಅಳಿಸಿ ಹೋಗಿವೆಯೋ!

ಆ ಕಾಲಕ್ಕೆ ನಾನು ತಿಂಗಳಿಗೆ ಐದಾರು ದಿನ ಶಿವಮೊಗ್ಗದಿಂದ ಬಸ್ಸು ಹತ್ತಿ ಹೋಗುತ್ತಿದ್ದ ತಾತ್ಕಾಲಿಕ ಉದ್ಘೋಷಕಿ. ಕೆಲಸ ತಾತ್ಕಾಲಿಕವಾದರೂ ಜಂಬ ಕಾಯಂ ಆಗಿತ್ತು. ಜನ ಧ್ವನಿ ಗುರುತಿಸಲಿ ಎಂದು ಬಸ್ಸಿನಲ್ಲಿ ಬೇಕೆಂದೇ ಗಟ್ಟಿಯಾಗಿ ಟಿಕೆಟ್ ಕೇಳುತ್ತಿದ್ದೆ. ಒಬ್ಬನೂ ಗುರುತಿಸಲಿಲ್ಲ, ಬಿಡಿ.

ಬೀಸುವ ಪದ ಹಾಡಲು ಸಿದ್ದಮ್ಮನನ್ನು ಕರೆಸಿದವರು ನಮ್ಮ ಕಾರ್ಯಕ್ರಮ ಅಧಿಕಾರಿ. ಆಕೆ ಎರಡೂ ಕೈ ತುಂಬ ಗಾಜಿನ ಬಳೆ ತೊಟ್ಟುಕೊಂಡು ಬಂದಳು. "ಮೈಕಿಗೆ ಸದ್ದಾಗುತ್ತೆ, ಬಳೆ ತೆಗೀರಿ" ಎಂದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಅಯ್ಯೋ, ನಮ್ಮೆಜಮಾನ್ರು ಫ್ಯಾಕ್ಟ್ರೀಲಿ ಚೆನ್ನಾಗೇ ಅವ್ರೆ ಕಣವ್ವ!" ನಾನು ನಾಲಿಗೆ ಕಚ್ಚಿಕೊಂಡು ಬಳೆಗಳ ಮೇಲೆ ಕರವಸ್ತ್ರ ಸುತ್ತಿದೆ.

ಕೆಂಪು ದೀಪ ಹತ್ತಿತು. ಸಿದ್ದಮ್ಮನ ಗಂಟಲಿಂದ ಸ್ವರ ಹೊರಡಲಿಲ್ಲ. "ಕಲ್ಲಿಲ್ದೆ ಬರಲ್ಲ ಕಣವ್ವ. ಕೈ ಆಡಿದ್ರೇ ಪದ" ಎಂದಳು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ಟೈಮಾಯ್ತು ಸಾರ್, ಬೇರೆಯವ್ರನ್ನ ಕರೆಸೋಣ" ಎಂದೆ. ಅಧಿಕಾರಿಗಳು ಕನ್ನಡಕ ತೆಗೆದು ಒರೆಸುತ್ತಾ, "ಗಿರಾಕಿ ನೋಡೋಕೆ ಇದೇನು ಅಂಗಡೀನಾ ಮಾರಾಯ್ತಿ? ಇಂಥವ್ರಿಗೆ ಕಾಯ್ಲಿ ಅಂತಾನೇ ಸರ್ಕಾರ ನಮ್ಮನ್ನ ಇಲ್ಲಿ ಕೂರ್ಸಿರೋದು" ಎಂದರು.

ಮುಂದಿನ ವಾರ ಆಫೀಸಿನ ಜೀಪಿನಲ್ಲಿ ಸಿದ್ದಮ್ಮನ ಮನೆಯ ಬೀಸುವ ಕಲ್ಲು ಸ್ಟುಡಿಯೋಕ್ಕೆ ಬಂತು. ಆಕೆ ಅದರ ಮುಂದೆ ಕೈಕಟ್ಟಿ ಕೂತಳು. ಬರೀ ಕಲ್ಲು ಬೀಸಬಾರದಂತೆ, ಮನೆಗೆ ಒಳ್ಳೆಯದಲ್ಲವಂತೆ. ಸರಿ, ಅಧಿಕಾರಿಗಳು 'ಧ್ವನಿಮುದ್ರಣದ ಅಗತ್ಯಕ್ಕೆ ರಾಗಿ, ಎರಡು ಸೇರು' ಎಂದು ಕಡತ ತೆರೆದರು. ಉಗ್ರಾಣದ ಗುಮಾಸ್ತರು ರಾಗಿಯನ್ನು ಲೇಖನ ಸಾಮಗ್ರಿಗೆ ಸೇರಿಸುವುದೋ ಯಂತ್ರೋಪಕರಣಕ್ಕೋ ಎಂದು ಕೇಳಿ ಕಳಿಸಿದರು. ಇನ್ನೂ ಒಂದು ವಾರ ಹೋಯಿತು. ಕೊನೆಗೆ ರಾಗಿ ಬಂತು, ನಾನು ಮತ್ತೆ ಬಳೆಗಳ ಮೇಲೆ ಕರವಸ್ತ್ರ ಸುತ್ತಿದೆ.

ಮೊದಲ ಹಿಡಿ ಕಾಳನ್ನು ಕಲ್ಲಿನ ಬಾಯಿಗೆ ಹಾಕುವಾಗ ಸಿದ್ದಮ್ಮ ಮತ್ತೆ ಕೈ ತಡೆದಳು. "ಇದು ಯಾರ ಮನೆ ರಾಗಿ?" ಯಾರ ಕಾಳು ಬೀಸುತ್ತಾರೋ ಆ ಮನೆಯವರ ಹೆಸರು ಹಾಕಿ ಕೊನೆಯಲ್ಲಿ ಹರಸುವುದು ಅವರ ಪದ್ಧತಿ.

"ಸರ್ಕಾರದ್ದಮ್ಮ" ಎಂದರು ಅಧಿಕಾರಿ.

"ಸರ್ಕಾರಕ್ಕೆ ಮಕ್ಳು ಯಾರು?"

ಅವರು ತಲೆ ಕೆರೆದುಕೊಂಡು, "ನಾವೇ ಅಂತ ಇಟ್ಕೊಳ್ಳಿ" ಎಂದರು.

ಆಮೇಲೆ ಕಲ್ಲು ತಿರುಗಿತು, ಪದ ಬಂತು. ಅದೆಂಥ ಧ್ವನಿ ಅಂತೀರಿ! ಹೊಸ ಹಿಟ್ಟಿನ ವಾಸನೆ ಸ್ಟುಡಿಯೋ ತುಂಬಿತು. ಸರ್ಕಾರದ ಮನೆಯ ಒಲೆ ಆರದಿರಲಿ, ಅದರ ಮಕ್ಕಳ ಬಾಯಿ ಕಟ್ಟದಿರಲಿ ಎಂದು ಹರಸಿ ಆಕೆ ಕಲ್ಲು ನಿಲ್ಲಿಸಿದಳು. ನನ್ನ ಕಡೆ ತಿರುಗಿ ಏನೋ ಕೇಳಿದಳು. ನಾನು ಅಳುತ್ತಿದ್ದೆ, ಮಾತು ಹೊರಡಲಿಲ್ಲ. ಆ ಹಿಟ್ಟನ್ನು ಆಕೆ ಮನೆಗೆ ಒಯ್ಯಲಿಲ್ಲ, ಎಲ್ಲರಿಗೂ ಹಂಚಿದಳು. ನನ್ನ ಪಾಲು ಹಳೆಯ ಸುದ್ದಿ ಹಾಳೆಯಲ್ಲಿ ಕಟ್ಟಿಕೊಂಡು ಬಂದು ರೊಟ್ಟಿ ತಟ್ಟಿದೆ.

ರತ್ನ ಕೇಳಿದ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ, ಭದ್ರಾವತಿಗೆ ಹೋದೆ. ಹಳೆಯ ಟೇಪುಗಳನ್ನೆಲ್ಲ ಕಂಪ್ಯೂಟರಿಗೆ ಹಾಕಲು ಸರ್ಕಾರ ಹಣ ಕೊಟ್ಟಿತ್ತಂತೆ. ಅಲ್ಲಿದ್ದ ಹುಡುಗಿ ಸಿದ್ದಮ್ಮನ ಹೆಸರು ಹುಡುಕಿದಳು.

"ಸಿಕ್ತು ಮೇಡಂ. ಟೇಪಿನ ಡಬ್ಬದ ಮೇಲೆ 'ಅಳಿಸಬಾರದು' ಅಂತ ಕೆಂಪು ಇಂಕಲ್ಲಿ ಬರೆದಿದೆ ನೋಡಿ."

ನಮ್ಮ ಅಧಿಕಾರಿಗಳ ಅಕ್ಷರ. ಅವರು ತೀರಿಕೊಂಡು ಎಷ್ಟೋ ವರ್ಷಗಳಾದವು. ಅಲ್ಲೇ ನಿಂತು ಮನಸ್ಸಿನಲ್ಲೇ ಕೈಮುಗಿದೆ.

ಅರ್ಜಿ ಬರೆದುಕೊಟ್ಟು ಪ್ರತಿ ತಂದು, ರತ್ನನ ಮನೆಯಲ್ಲಿ ಫೋನಿನಲ್ಲಿ ಹಾಕಿದೆ. ಮೊದಲು ಕಲ್ಲಿನ ಸದ್ದು, ಕರವಸ್ತ್ರದೊಳಗಿನ ಬಳೆಗಳ ಸಣ್ಣ ಸದ್ದು, ಆಮೇಲೆ ಧ್ವನಿ. ರತ್ನ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಪದ ಮುಗಿಯಿತು, ಹರಕೆ ಮುಗಿಯಿತು, ಕಲ್ಲು ನಿಂತಿತು. ಟೇಪಿನಲ್ಲಿ ಸಿದ್ದಮ್ಮ ಅವತ್ತು ಕೇಳಿದ್ದನ್ನೇ ಕೇಳಿದಳು:

"ಸರಿಯಾಗಿ ಬಂತಾ ಮಗಾ?"

ಅವತ್ತು ನಾನು ಕೊಡದ ಉತ್ತರವನ್ನು ರತ್ನ ಕೊಟ್ಟಳು. "ಬಂತು ಕಣವ್ವ" ಎಂದಳು, ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು.

ನಿನ್ನೆ ಗಿರಣಿಯವನು ಮತ್ತೆ ಅದೇ ರಾಗ ತೆಗೆದ. ಈ ಸಲ ನಾನು ತಲೆಯಾಡಿಸಲಿಲ್ಲ. "ಮಾರಾಯ, ಒಂಚೂರು ಮಿಷನ್ ನಿಲ್ಸು" ಎಂದು ಫೋನು ಹೊರಗೆ ತೆಗೆದೆ.