ಬ್ಯಾಡ್ಜು ಬಿಚ್ಚಿದ ಅಂಗಿಗಳು

ಕಾಲೊನಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆದವರೇ ಇಲ್ಲ. ಚಿಕ್ಕವರಿಗೂ ದೊಡ್ಡವರಿಗೂ ಅವಳು ಮಿಷನ್ನಕ್ಕ. ಗಂಡ ಕಲ್ಲಿದ್ದಲಿನ ವಿದ್ಯುತ್ ಸ್ಥಾವರದಲ್ಲಿ ಕ್ರೇನ್ ನಡೆಸುತ್ತಿದ್ದ. ಇವಳು ನಾದಿನಿಯನ್ನು ಜೊತೆಗಿಟ್ಟುಕೊಂಡು ಮನೆಯ ಮುಂಗೋಣೆಯಲ್ಲಿ ಹೊಲಿಗೆ ಹಾಕುತ್ತಿದ್ದಳು. ಫ್ರಾಕು, ಕಿಟಕಿಯ ಪರದೆ, ದಿಂಬಿನ ಚೀಲ, ಯಾರದೋ ಗಂಡನ ಹರಿದ ಪ್ಯಾಂಟು, ಬಂದದ್ದೆಲ್ಲ ಹೊಲಿಯುತ್ತಿದ್ದರು. ನಾದಿನಿ ಕತ್ತರಿಸುವುದು, ಅತ್ತಿಗೆ ತುಳಿಯುವುದು.

ಸ್ಥಾವರಕ್ಕೆ ಎರಡನೆಯ ಘಟಕ ಬಂದ ವರ್ಷ ಉಗ್ರಾಣದ ಸಾಹೇಬರು ಅವರ ಬಾಗಿಲಿಗೆ ಬಂದರು.

"ಕೆಲಸಗಾರರ ಸಮವಸ್ತ್ರ ಇಲ್ಲೇ ಹೊಲಿಸೋಣ ಅಂತ ಇದೀವಿ. ನಿಮ್ಮಿಂದ ಆಗುತ್ತಾ?"

ಗಂಡ ಬಾಯಿ ತೆರೆಯುವುದರೊಳಗೆ ಅವಳು ಹೂಂ ಅಂದಾಗಿತ್ತು. ಮನೆಯ ಹಿಂದೆ ತಗಡಿನ ಶೆಡ್ಡು ಎದ್ದಿತು. ಮೋಟಾರು ಹಾಕಿದ ಯಂತ್ರಗಳು ಬಂದವು. ಅಕ್ಕಪಕ್ಕದ ಮನೆಯ ಹೆಂಗಸರು ಅವುಗಳ ಮುಂದೆ ಕುಳಿತರು. ಬೂದು ಬಣ್ಣದ ದಪ್ಪ ಬಟ್ಟೆ, ಎದೆಯ ಎಡಗಡೆ ಸ್ಥಾವರದ ಬ್ಯಾಡ್ಜು. ತಲೆ ಎತ್ತಲು ಪುರುಸೊತ್ತಿಲ್ಲದಷ್ಟು ಕೆಲಸ. ಫ್ರಾಕು ಹಿಡಿದು ಬಂದವರನ್ನು ಅವಳು ಬಾಗಿಲಿನಿಂದಲೇ ಸಾಗಹಾಕತೊಡಗಿದಳು.

ನಾದಿನಿಗೆ ಅದು ಹಿಡಿಸಲಿಲ್ಲ. "ಅತ್ತಿಗೆ, ಹೊರಗಿನ ಹೊಲಿಗೆ ಬಿಡೋದು ಬೇಡ. ನಾಳೆ ಅವರು ಸಾಕು ಅಂದ್ರೆ ಏನ್ ಮಾಡ್ತೀಯ?"

"ಆ ಸ್ಥಾವರದ ಚಿಮಣಿ ನೋಡೇ. ಅದೇನು ಊದುಬತ್ತಿನಾ, ಉರಿದು ಮುಗಿಯೋಕೆ?"

ಶೆಡ್ಡಿನ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ನಾದಿನಿ ನಗಲಿಲ್ಲ. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಅವಳು ತನ್ನ ಕತ್ತರಿ, ಬಟ್ಟೆಬರೆ ಕಟ್ಟಿಕೊಂಡು ದೂರದ ಇನ್ನೊಂದು ಪಟ್ಟಣಕ್ಕೆ ಹೊರಟುಹೋದಳು. ಅಲ್ಲಿ ಇಂಥ ಚಿಮಣಿ ಇರಲಿಲ್ಲ. ಸಣ್ಣ ಸಣ್ಣ ಕಾರ್ಖಾನೆಗಳು ಗಲ್ಲಿಗೊಂದರಂತೆ ಇದ್ದವು. ಅಣ್ಣನೂ ತಡೆಯಲಿಲ್ಲ. ಆಗ ಅವನಿಗೂ ಚಿಮಣಿಯ ಮೇಲೇ ನಂಬಿಕೆ.

ಊರಿಗೆ ಊರೇ ಹಾಗಿತ್ತು. ಹಿಂದೆ ಇಲ್ಲಿ ಚಪ್ಪಲಿ ಮಾಡುವ ಕಾರ್ಖಾನೆಯಿತ್ತು, ಸೋಪು ಮಾಡುವ ಕಾರ್ಖಾನೆಯೂ ಇತ್ತು. ಕಲ್ಲಿದ್ದಲು ಹೊತ್ತರೆ ಇಮ್ಮಡಿ ಸಂಬಳ ಸಿಗುವಾಗ ಅಟ್ಟೆ ಹೊಲಿಯುತ್ತ ಕೂರುವವರು ಯಾರು? ಆಳು ಸಿಗದೆ, ಏರಿದ ಬಾಡಿಗೆ ತಡೆಯಲಾರದೆ ಎರಡೂ ಕದ ಹಾಕಿದವು. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಬೇಕರಿಯವನು ಒಲೆ ಹಚ್ಚುವುದು ಸ್ಥಾವರದ ಸೈರನ್ನಿಗೆ, ಕ್ಷೌರದಂಗಡಿ ತೆರೆಯುವುದು ಪಾಳಿ ಬಿಟ್ಟಾಗ, ಬಸ್ಸು ಹೊರಡುವುದೂ ಅದೇ ಗೇಟಿನಿಂದ.

ಆಮೇಲೆ ಹತ್ತಿರದ ಗಣಿಯಲ್ಲಿ ಕಲ್ಲಿದ್ದಲು ತೆಳುವಾಯಿತು. ದೂರದಿಂದ ತರಿಸಿ ಸುಟ್ಟರೆ ಅಸಲೂ ಹುಟ್ಟುವುದಿಲ್ಲ ಎಂದರು. ಕರೆಂಟು ಕೊಳ್ಳುತ್ತಿದ್ದ ನಗರಗಳು ಅಗ್ಗಕ್ಕೆ ಸಿಗುವ ಕಡೆ ತಿರುಗಿಕೊಂಡವು. ಉಗ್ರಾಣದ ಸಾಹೇಬರು ಒಂದು ದಿನ ಬಂದು, ಕೊಟ್ಟ ಟೀಯನ್ನು ಕುಡಿಯದೆ, "ಈ ಸಲ ಅರ್ಧ ಸಾಕಮ್ಮ" ಅಂದರು.

"ಮುಂದಿನ ಸಲಕ್ಕೆ, ಸಾರ್?"

"ಮುಂದಿನ ಸಲ ನನ್ನ ಕುರ್ಚಿನೇ ಇರುತ್ತೋ ಇಲ್ವೋ."

ಇರಲಿಲ್ಲ. ಮೊದಲು ಹೊಸ ಘಟಕ ನಿಂತಿತು, ಹಿಂದೆಯೇ ಹಳೆಯದು. ಕಾಲೊನಿಗೆ ಸ್ಥಾವರದಿಂದಲೇ ನೇರ ತಂತಿ ಇತ್ತು. ಅಲ್ಲಿಯ ತನಕ ಕರೆಂಟು ಹೋಗುವುದು ಅಂದರೇನೆಂದು ಅಲ್ಲಿಯ ಮಕ್ಕಳಿಗೆ ಗೊತ್ತಿರಲಿಲ್ಲ. ಈಗ ಎಲ್ಲಿಂದಲೋ ಎಳೆದ ಲೈನಿನಲ್ಲಿ ಬಲ್ಬುಗಳು ಮಿಣಮಿಣ ಅನ್ನುತ್ತಿದ್ದವು. ಮೋಟಾರುಗಳು ಗುಂಯ್ ಅಂದು ಅರ್ಧ ಹೊಲಿಗೆಯಲ್ಲೇ ನಿಲ್ಲುತ್ತಿದ್ದವು. ಹೆಂಗಸರು ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು. ಬಂದರೂ ಹೊಲಿಯಲು ಏನಿತ್ತು?

ಮಿಷನ್ನಕ್ಕ ಬಾಗಿಲಿಗೆ ಬೋರ್ಡು ಹಾಕಿದಳು: ಎಲ್ಲ ಬಗೆಯ ಬಟ್ಟೆ ಹೊಲಿಯಲಾಗುವುದು. ಬಹಳ ಕಾದ ಮೇಲೆ ಬೇಕರಿಯವನ ಹೆಂಡತಿ ಮಗಳ ಫ್ರಾಕಿಗೆಂದು ತೆಳುವಾದ ಬಟ್ಟೆ ತಂದಳು. ಇವಳ ಕೈಯೋ ದಪ್ಪ ಬಟ್ಟೆಗೆ ಪಳಗಿಹೋಗಿತ್ತು. ನೆರಿಗೆ ಒಂದೆಡೆ ಜಗ್ಗಿತು, ತೋಳು ಮುದುಡಿತು. ಬಿಚ್ಚಿದಳು, ಹೊಲಿದಳು, ಮತ್ತೆ ಬಿಚ್ಚಿದಳು.

"ಮಿಷನ್ನಕ್ಕ, ಇದನ್ನ ಹಾಕ್ಕೊಂಡು ನನ್ನ ಮಗಳು ಶಾಲೆಗೆ ಹೋಗ್ಬೇಕಾ, ಬಾಯ್ಲರ್ ಒರೆಸ್ಬೇಕಾ?"

ಇಬ್ಬರೂ ನಕ್ಕರು. ಬೇಕರಿಯವಳು ಹೋದ ಮೇಲೆ ಅವಳು ಶೆಡ್ಡಿನ ಕದ ಮುಂದೆ ಮಾಡಿಕೊಂಡು ಅತ್ತಳು.

ಅದಾದ ಮೇಲೆ ಬಂದ ಕೆಲಸ ಅವಳು ಕನಸಿನಲ್ಲೂ ಎಣಿಸದಿದ್ದದ್ದು. ಗಂಡಸರು ಹೊರಗೂರಿಗೆ ಕೆಲಸ ಹುಡುಕಿಕೊಂಡು ಹೋಗಬೇಕಿತ್ತು. ಗಟ್ಟಿಯಾಗಿ ಉಳಿದ ಬಟ್ಟೆ ಎಂದರೆ ಸಮವಸ್ತ್ರವೊಂದೇ, ಆದರೆ ಮುಚ್ಚಿದ ಸ್ಥಾವರದ ಗುರುತು ಹೊತ್ತು ಬೇರೆಡೆ ಕೆಲಸ ಕೇಳುವುದು ಹೇಗೆ? ತಾನೇ ಹೊಲಿದು ಅಂಟಿಸಿದ್ದ ಬ್ಯಾಡ್ಜುಗಳನ್ನು ಈಗ ಬ್ಲೇಡು ಹಿಡಿದು ತಾನೇ ಬಿಡಿಸತೊಡಗಿದಳು. ಭದ್ರವಾಗಿರಲೆಂದು ಹಾಕಿದ ಹೊಲಿಗೆ ಸುಲಭಕ್ಕೆ ಬರುತ್ತಿರಲಿಲ್ಲ. ಕೊನೆಗೆ ತನ್ನ ಗಂಡನದನ್ನೂ ಬಿಡಿಸಿದಳು. ಬಿಸಿಲಿಗೆ ಮಾಸಿದ ಬಟ್ಟೆಯ ಮೇಲೆ ಬ್ಯಾಡ್ಜು ಇದ್ದ ಜಾಗದಲ್ಲಿ ಮಾಸದ ಗಾಢ ಬೂದಿನ ಚೌಕವೊಂದು ಉಳಿಯಿತು.

ಗಂಡ, ಪಕ್ಕದ ಮನೆಯವರ ಜೊತೆ ದೂರದ ಸಿಮೆಂಟ್ ಕಾರ್ಖಾನೆಗೆ ಹೋಗಿ ಬರಿಗೈಯಲ್ಲಿ ಬಂದ.

"ಏನಂದ್ರು?"

"ಮೇಸ್ತ್ರಿ ಮುಖ ನೋಡ್ಲಿಲ್ಲ, ಎದೆ ನೋಡ್ದ. ಓ, ಆ ಸ್ಥಾವರದವರಾ ಅಂದ. ಬೇರೆಯವರಿಗೆ ಕೊಡೋದರಲ್ಲಿ ಅರ್ಧ ಕೊಡ್ತೀನಿ, ಇಷ್ಟ ಇದ್ರೆ ಇರಿ ಅಂದ. ಬೇರೆ ಗತಿ ಇಲ್ಲ ಅಂತ ಅವನಿಗೆ ಗೊತ್ತು ಕಣೇ."

ಅವಳು ಉಳಿದಿದ್ದ ಬೂದು ತುಂಡುಗಳನ್ನು ತೆಗೆದು ಆ ಚೌಕದ ಮೇಲೆ ಒಂದು ಜೇಬು ಹೊಲಿದಳು. ಸುದ್ದಿ ಹಬ್ಬಿ ಬೀದಿಯ ಗಂಡಸರೆಲ್ಲ ಜೇಬು ಹಾಕಿಸಿಕೊಂಡರು. ಕೆಲವು ದಿನ ಅವಳ ಶೆಡ್ಡಿನಲ್ಲಿ ಮತ್ತೆ ಸದ್ದು ಕೇಳಿತು. ಆದರೆ ಹೊಸ ಜೇಬಿನ ಬಣ್ಣ ಹಳೆಯ ಅಂಗಿಗೆ ಹೊಂದುತ್ತಿರಲಿಲ್ಲ. ಸಿಮೆಂಟಿನ ಮೇಸ್ತ್ರಿಗಳು ಜೇಬನ್ನೂ ಗುರುತು ಹಿಡಿದರು. ಎಡಗಡೆ ಹೊಸ ಜೇಬು ಕಂಡರೆ ಕೇಳುವುದೇ ಬೇಡ, ಅರ್ಧ ಕೂಲಿ.

ಗಂಡ ಆ ಅರ್ಧಕ್ಕೇ ಒಪ್ಪಿಕೊಂಡ. ಕಾರ್ಖಾನೆಯ ಶೆಡ್ಡಿನಲ್ಲೇ ಮಲಗುತ್ತಿದ್ದ. ಕಲ್ಲಿದ್ದಲಿನ ಪುಡಿ ಕುಡಿದಿದ್ದ ಎದೆಗೆ ಈಗ ಸಿಮೆಂಟಿನದು ಸೇರಿತು. ಫೋನಿನಲ್ಲಿ ಮಾತಿಗಿಂತ ಕೆಮ್ಮೇ ಹೆಚ್ಚು.

ಯಂತ್ರಗಳನ್ನು ಗುಜರಿಯವನು ತೂಕಕ್ಕೆ ಹಾಕಿಕೊಂಡು ಹೋದ. ಮನೆ ಮಾರೋಣವೆಂದರೆ ಬೀದಿಯಲ್ಲಿ ಮಾರುವವರೇ ಎಲ್ಲ, ಕೊಳ್ಳುವವರಿಲ್ಲ. ಅವಳು ಮಾನ ಮರ್ಯಾದೆ ಬದಿಗಿಟ್ಟು ನಾದಿನಿಗೆ ಫೋನು ಮಾಡಿದಳು.

"ಬಾ ಅತ್ತಿಗೆ," ಅಂದಳು ನಾದಿನಿ. "ನಾನು ಹೇಳಿದ್ದೆ ಅಂತ ಯಾವತ್ತೂ ಅನ್ನಲ್ಲ. ಆದ್ರೆ ಇಲ್ಲಿ ನಾನು ಹೇಳ್ದಂಗೆ ನಡೀಬೇಕು."

"ಆಯ್ತಮ್ಮ," ಅಂದಳು ಅತ್ತಿಗೆ. ನಾದಿನಿಯನ್ನು 'ಅಮ್ಮ' ಎಂದದ್ದು ಅದೇ ಮೊದಲು.

ಈಗ ಅವಳು ಅಲ್ಲಿ ಗುಂಡಿ ಹಾಕುತ್ತಾಳೆ, ಅಂಚು ಮಡಿಚುತ್ತಾಳೆ. ತೆಳು ಬಟ್ಟೆಯನ್ನು ಅವಳ ಕೈಗೆ ಕೊಡುವುದಿಲ್ಲ. ನಾದಿನಿ ಮಾತು ತಪ್ಪಿಲ್ಲ, ಒಮ್ಮೆಯೂ ಹಂಗಿಸಿಲ್ಲ. ಹಂಗಿಸಿದ್ದರೆ ಜಗಳವನ್ನಾದರೂ ಆಡಬಹುದಿತ್ತು ಎಂದು ಮಿಷನ್ನಕ್ಕನಿಗೆ ಅನ್ನಿಸುತ್ತದೆ. ಅಲ್ಲಿ ಅವಳನ್ನು ಯಾರೂ ಹಾಗೆ ಕರೆಯುವುದಿಲ್ಲ.

ರಜೆ ಸಿಕ್ಕಾಗ ಗಂಡ ಹೆಂಡತಿ ಎರಡೂ ಊರಿನ ನಡುವಿನ ಬಸ್‌ಸ್ಟ್ಯಾಂಡಿನಲ್ಲಿ ಭೇಟಿಯಾಗುತ್ತಾರೆ. ಅವನು ಕೆಮ್ಮುತ್ತಾನೆ, ಅವಳು ನೀರಿನ ಬಾಟಲಿ ಮುಚ್ಚಳ ತೆಗೆದು ಕೊಡುತ್ತಾಳೆ.

"ಮನೆ ಕಡೆ ಹೋಗಿದ್ಯಾ?" ಅವನು ಕೇಳುತ್ತಾನೆ.

"ಇಲ್ಲ ರೀ. ಆ ಕಡೆ ಬಸ್ಸು ನಿಲ್ಸಿದಾರಂತೆ."

ಅವನ ಬಸ್ಸು ಮೊದಲು ಬರುತ್ತದೆ.