ಸೊಟ್ಟ ಹೊಲಿಗೆ

ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದಷ್ಟು ಕಾಲವೂ ಅವನಿಗೆ ಬೆಂಕಿಪೊಟ್ಟಣ ಅಂತಲೇ ಹೆಸರು. ಸ್ಪ್ಯಾನರ್ ಕೇಳಿದಾಗ ಸ್ಕ್ರೂಡ್ರೈವರ್ ಕೊಟ್ಟವರ ಗತಿ ದೇವರೇ ಬಲ್ಲ. ಮೇಲಿನವರಿಗೂ ಬೈದ, ಕೆಳಗಿನವರಿಗೂ ಬೈದ, ಸ್ಟಾರ್ಟ್ ಆಗದ ಇಂಜಿನ್ನಿಗಂತೂ ಅದರ ವಂಶ ಎತ್ತಿ ಬೈದ. ಬೈಯದೆ ಬಿಟ್ಟದ್ದು ಹೆಂಡತಿಯೊಬ್ಬಳನ್ನೇ. ಧೈರ್ಯ ಇರಲಿಲ್ಲ ಅನ್ನಿ. ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಅಂಗಡಿ ಇಟ್ಟಿದ್ದ ಟೈಲರಮ್ಮ ಅವಳು. "ರೀ, ಮೆಲ್ಲಗೆ ಮಾತಾಡಿ, ಗಿರಾಕಿಗಳಿದ್ದಾರೆ" ಅಂದರೆ ಸಾಕು, ಬೆಂಕಿಪೊಟ್ಟಣ ತೆಪ್ಪಗಾಗುತ್ತಿತ್ತು.

ಅಂಥ ಹೆಂಡತಿಗೆ ಮರೆವು ಹತ್ತಿತು. ಮೊದಲು ಗಿರಾಕಿಗಳ ಅಳತೆ ಮರೆತಳು, ಆಮೇಲೆ ಅಂಗಡಿ, ಆಮೇಲೆ ಗಂಡ. "ಯಾರಪ್ಪಾ ನೀನು? ಯಾರು ಬೇಕಿತ್ತು?" ಅಂತ ಅವನನ್ನು ಬಾಗಿಲಲ್ಲೇ ತಡೆದು ಕೇಳಿದ ದಿನ ಅವನು ಬಚ್ಚಲಿಗೆ ಹೋಗಿ ಬಕೆಟ್ ಒದ್ದು ಒಡೆದ. ಇನ್ಯಾರ ಮೇಲೆ ಸಿಟ್ಟು ತೀರಿಸಿಕೊಳ್ಳೋದು? ಆ ಕಾಯಿಲೆಗೊಂದು ಮೂತಿ ಇದ್ದಿದ್ದರೆ ಗುದ್ದೇಬಿಡುತ್ತಿದ್ದ. ಅವಳು ಮಂಚದ ಮೇಲೆ ಕೂತು ಹೊದಿಕೆಯ ಅಂಚು ಮಡಚುತ್ತಿದ್ದಳು, ಬಿಡಿಸುತ್ತಿದ್ದಳು, ಮತ್ತೆ ಮಡಚುತ್ತಿದ್ದಳು. ಊಟಕ್ಕೆ ಕರೆದರೂ ತಿರುಗಿ ನೋಡುತ್ತಿರಲಿಲ್ಲ.

ಮರೆವಿನವರಿಗೆಂದೇ ಹಗಲು ಹೊತ್ತಿನ ಕೇಂದ್ರವೊಂದಿದೆ ಅಂತ ಯಾರೋ ಹೇಳಿದರು. ಅಲ್ಲಿ ವಯಸ್ಸಾದವರನ್ನೆಲ್ಲ ದೊಡ್ಡ ಮೇಜಿನ ಸುತ್ತ ಕೂರಿಸಿ, ತುಂಡು ಬಟ್ಟೆಗಳಿಂದ ಎಲ್ಲರೂ ಸೇರಿ ಒಂದೇ ಹೊದಿಕೆ ಹೊಲಿಯುವ ಕೆಲಸ ಕೊಡುತ್ತಿದ್ದರು. "ಮಕ್ಕಳಾಟ!" ಅಂತ ಗೊಣಗುತ್ತಲೇ ಕರೆದುಕೊಂಡು ಹೋದ. ಮೇಜಿಗೆ ಕೂತಿದ್ದೇ ತಡ, ಟೈಲರಮ್ಮನ ಬೆನ್ನು ನೆಟ್ಟಗಾಯಿತು. ಸಂಜೆ ಮನೆಗೆ ಬಂದವಳು "ಹೊಟ್ಟೆ ಹಸೀತಿದೆ" ಅಂದಳು. ಎಷ್ಟು ಕಾಲವಾಗಿತ್ತು ಆ ಮಾತು ಕೇಳಿ!

ಆದರೆ ಅವಳು ತನ್ನ ತುಂಡು ಮುಟ್ಟಲೇ ಇಲ್ಲ. ಪಕ್ಕದ ಅಜ್ಜಿಯದನ್ನು ಕಸಿದು, ಬೆಳಕಿಗೆ ಹಿಡಿದು, ಲೊಚಗುಟ್ಟಿ, ಒಂದು ಎಳೆ ಬಿಡದಂತೆ ಬಿಚ್ಚಿಹಾಕುತ್ತಿದ್ದಳು. ಅವಳ ಅಂಗಡಿಯಿಂದ ಸೊಟ್ಟ ಹೊಲಿಗೆ ಎಂದಾದರೂ ಹೊರಗೆ ಹೋಗಿದ್ದುಂಟೇ? ಅಜ್ಜಿ ಗೊಳೋ ಅಂತ ಅತ್ತಳು. ದಿನಾ ಇದೇ ರಂಪ. ಕೊನೆಗೆ ಹೊಲಿಗೆ ಕಲಿಸುವ ಟೀಚರ್ ಹುಡುಗಿ ಅವನನ್ನು ಕರೆದಳು.

"ಅಂಕಲ್, ಬೇಜಾರು ಮಾಡ್ಕೋಬೇಡಿ. ನಾಳೆಯಿಂದ ಅಮ್ಮನ್ನ ಕರ್ಕೊಂಡು ಬರಬೇಡಿ. ಉಳಿದವರು ಅಳ್ತಾರೆ."

"ಅಳ್ತಾರಂತೆ! ಸೊಟ್ಟ ಹೊಲಿದ್ರೆ ಬಿಚ್ಚದೆ ಹಾರ ಹಾಕಿ ಕೂರಿಸ್ಬೇಕಾ? ಇಲ್ಲಿ ಕೂತಿದ್ರೆ ಅವಳು ಮನುಷ್ಯರ ಥರ ಇರ್ತಾಳೆ ಕಣಮ್ಮ! ಮನೇಲಿ ಕೂರ್ಸಿ ಕೊಲ್ಲು ಅಂತೀಯಾ?" ಅವನ ಗಂಟಲಿಗೆ ಕಿಟಕಿ ಗಾಜು ಅದುರಿತು.

ಟೀಚರೂ ಬಿಡಲಿಲ್ಲ. "ಕೂಗಾಡಬೇಡಿ. ಆ ಅಜ್ಜಿ ದಿನಗಟ್ಟಲೆ ಒದ್ದಾಡಿ ಹೊಲಿದಿದ್ದು ಅದು. ಅವರೂ ಮನುಷ್ಯರೇ ಅಲ್ವಾ? ನಾನೇನು ಮಾಡ್ಲಿ, ನೀವೇ ಹೇಳಿ!"

ಅಜ್ಜಿ ಖಾಲಿ ಬಟ್ಟೆ ಹಿಡಿದು ಸೂಜಿಯ ತೂತುಗಳನ್ನು ಸವರುತ್ತಿದ್ದಳು. ಅವನು ಅದನ್ನು ನೋಡಿದ. ಹುಡುಗಿಯದೂ ತಪ್ಪಿಲ್ಲ, ಅಜ್ಜಿಯದೂ ತಪ್ಪಿಲ್ಲ. ತಪ್ಪು ಯಾರದೂ ಅಲ್ಲ ಅನ್ನುವುದೇ ಮೈಯೆಲ್ಲ ಉರಿಸಿತು.

"ಅವಳಿಗೆ ಬಿಚ್ಚೋಕೆ ತಾನೇ ಬೇಕು? ಕೊಡಮ್ಮ ಇಲ್ಲಿ ಸೂಜಿ! ನನ್ನಷ್ಟು ಕೆಟ್ಟದಾಗಿ ಹೊಲಿಯೋನು ಇನ್ನೊಬ್ಬ ಸಿಗೋದಿಲ್ಲ."

ಮಾರನೇ ದಿನದಿಂದ ಅಜ್ಜಿಗೂ ಹೆಂಡತಿಗೂ ನಡುವೆ ಕುರ್ಚಿ ಹಾಕಿಸಿಕೊಂಡು ಕೂತ. ಗ್ರೀಸು ಹಿಡಿದು ದಪ್ಪಗಾದ ಬೆರಳು. ಸೂಜಿ ಬಟ್ಟೆಗಿಂತ ಕೈಗೇ ಹೆಚ್ಚು ಹೋಯಿತು. ಸೂಜಿಗೆ ಬೈದ, ಸೂಜಿ ಮಾಡಿದವನಿಗೆ ಬೈದ. ಅಷ್ಟರಲ್ಲಿ ಟೈಲರಮ್ಮ ಅವನ ತುಂಡು ಕಸಿದಳು.

"ಲೋ, ಏನೋ ಇದು? ಹೊಲಿಗೇನೋ, ಕೋಳಿ ಕೆರೆದಿದ್ದೋ? ಯಾರೋ ನಿನ್ನ ಕೆಲಸಕ್ಕೆ ಸೇರಿಸಿದ್ದು?"

ಜೀವಮಾನವೆಲ್ಲ 'ರೀ' ಅಂದ ಬಾಯಿ ಅದು! ಅಂಗಡಿಗೆ ಹೊಸದಾಗಿ ಬಂದ ಕೆಲಸದವನು ಅಂದುಕೊಂಡಿದ್ದಳು. ಅವನ ರಕ್ತ ಕುದಿಯಿತು. ಆದರೆ ಅವಳ ಬೆರಳುಗಳು ಚಕಚಕ ಓಡುತ್ತಿದ್ದವು, ಮುಖದಲ್ಲಿ ಹಳೆಯ ಅಂಗಡಿಯ ಗತ್ತು. ಸೂಜಿಗೆ ಮತ್ತೆ ದಾರ ಪೋಣಿಸಿದ. ಬಿಚ್ಚಿ ಕೊಟ್ಟಳು, ಮತ್ತೆ ಹೊಲಿದ. ಡಿಪೋದಲ್ಲಿ ಊರಿಗೆಲ್ಲ ಬೈದದ್ದು ಬಡ್ಡಿ ಸಮೇತ ವಾಪಸ್ ಬರುತ್ತಿತ್ತು. ಬರಲಿ. ಅಜ್ಜಿಯ ತುಂಡು ಉಳಿಯಿತು, ಟೈಲರಮ್ಮ ಮನೆಗೆ ಬಂದು ಹೊಟ್ಟೆ ತುಂಬ ಉಂಡಳು. ಹೊದಿಕೆಯೂ ಬೆಳೆಯಿತು. ಅವನ ತುಂಡಿನ ಜಾಗವೊಂದು ಮಾತ್ರ ಖಾಲಿ ಇತ್ತು.

ಒಂದು ಬೆಳಿಗ್ಗೆ ಅವಳು ಅವನ ಬಟ್ಟೆ ಕಿಟಕಿಗೆ ಹಿಡಿದು ನೋಡಿದಳು. ಉಗುರಿನಿಂದ ಗೆರೆ ಎಳೆದು ನೋಡಿದಳು, ತಿರುಗಿಸಿ ನೋಡಿದಳು. ಬೈಗುಳ ಬರಲಿಲ್ಲ. ಆಗ ಅವನೂ ನೋಡಿದ. ಹಾಳು ಹೊಲಿಗೆ ನೆಟ್ಟಗೆ ಬಂದುಬಿಟ್ಟಿತ್ತು!

"ಪರವಾಗಿಲ್ಲ ಕಣೋ, ಕೈ ಕೂತಿದೆ" ಅಂದಳು. "ಇನ್ನು ಹೋಗು, ಸ್ವಂತ ಅಂಗಡಿ ಹಾಕ್ಕೋ."

ಟೀಚರ್ ಚಪ್ಪಾಳೆ ತಟ್ಟಿದಳು. "ಅಯ್ಯೋ ಅಂಕಲ್, ಎಷ್ಟು ಚೆನ್ನಾಗಿದೆ! ಹೊದಿಕೆಗೆ ಸೇರಿಸಿಬಿಡೋಣ!"

ಟೈಲರಮ್ಮನ ಕೈಗಳು ಮಡಿಲಿಗೆ ಜಾರಿದವು. ಉಟ್ಟ ಬಟ್ಟೆಯ ಅಂಚು ಮಡಚತೊಡಗಿದಳು. ಕಣ್ಣು ಎಲ್ಲೋ ಹೋಗಿತ್ತು.

"ಸೇರಿಸ್ತಾಳಂತೆ! ಕೈ ತೆಗಿಯಮ್ಮ!" ಅಂತ ಅಬ್ಬರಿಸಿದ. ಕತ್ತರಿ ಕಿತ್ತುಕೊಂಡು ತಾನೇ ದಾರ ಕಿತ್ತು ಹಾಕಿದ. ಸೂಜಿಯನ್ನು ಎಡಗೈಯಲ್ಲಿ ಹಿಡಿದು, ಕಣ್ಣಲ್ಲಿ ನೀರು ತುಂಬಿ ಏನೂ ಕಾಣದೆ, ಸಿಕ್ಕಸಿಕ್ಕಲ್ಲಿ ಚುಚ್ಚಿ ಎಳೆದ. ಆ ಬಟ್ಟೆಯನ್ನು ಅವಳ ಮಡಿಲಿಗೆ ತುರುಕಿದ.

"ಕಲ್ತಿಲ್ಲ ಅಮ್ಮಾವ್ರೇ, ಎಲ್ಲಿ ಕಲ್ತಿದೀನಿ? ನೋಡಿ. ನನ್ನ ಕಳಿಸಬೇಡಿ."

ಅವಳು ಬಟ್ಟೆ ಎತ್ತಿ ಬೆಳಕಿಗೆ ಹಿಡಿದಳು. ಲೊಚಗುಟ್ಟಿದಳು.

"ಥೂ, ದಡ್ಡ ಮುಂಡೇದೆ" ಅಂದಳು. "ಕೂತ್ಕೋ."