ಪಾಯದ ಗುಂಡಿಯಲ್ಲಿ ಗಂಗಿ ಪೂಜೆ

ನಾನು ಮೈಸೂರಿಗೆ ಬಂದ ಮೂರನೇ ವಾರ, ಆಳುದ್ದ ಅಗೆದ ಪಾಯದ ಗುಂಡಿಯಲ್ಲಿ ನೀರು ಕಂಡಿತು. ಯಾರೂ ಕೂಗಲಿಲ್ಲ. ಕೆಲಸದವರು ಸಲಿಕೆ ಕೆಳಗಿಟ್ಟು ಸುಮ್ಮನೆ ನಿಂತರು. ನಮ್ಮ ಕಲಬುರಗಿ ಕಡೆ ಕೊಳವೆಬಾವಿಯಲ್ಲಿ ಹನಿ ಕಂಡರೂ ಓಣಿಗೆ ಓಣಿಯೇ ಕುಣಿಯುತ್ತದೆ. ನನಗೆ ತಡೆಯಲಾಗಲಿಲ್ಲ. ಅರಿಸಿನ, ಕುಂಕುಮ, ರವಿಕೆಯ ಖಣ ತರಿಸಿ, ಗುಂಡಿಗಿಳಿದು ಗಂಗಿ ಪೂಜೆ ಮಾಡಿದೆ. ಊರಲ್ಲಿರುವ ಅಕ್ಕನಿಗೆ ಫೋಟೊ ಕಳಿಸಿ, ಎಲ್ಲರಿಗೂ ಬೆಲ್ಲ ಹಂಚಿದೆ.

ಬೆಲ್ಲಕ್ಕೆ ಕೈ ಚಾಚದವರು ಒಬ್ಬರೇ, ಮೇಸ್ತ್ರಿ ಪುಟ್ಟಸ್ವಾಮಿ. ನಾವು ಅಗೆಯುತ್ತಿದ್ದ ಈ ಹಿನಕಲ್ ಇನ್ನೂ ಹಳ್ಳಿಯಾಗಿದ್ದಾಗ ಇಲ್ಲೇ ಹುಟ್ಟಿದವರು.

"ಗಂಗಮ್ಮ ಈಗ ಬಂದಿರೋದಲ್ಲ ಕಣಮ್ಮ," ಅಂದರು. "ಇಲ್ಲೇ ಇದ್ಲು. ಇದು ಕೆರೆ. ಮಣ್ಣು ಸುರಿದು ನಾವೇ ಮುಚ್ಬುಟ್ಟಿದ್ವಿ."

ನಾನು ಊರು ಬಿಟ್ಟು ಬಂದದ್ದೇ ಆ ಗುಂಡಿಯ ಮೇಲೆ ಏಳಬೇಕಿದ್ದ ಕಟ್ಟಡಕ್ಕಾಗಿ. ನೂರು ವರ್ಷ ಬಾಳುವ ಕಚೇರಿ, ಎ.ಸಿ. ಇಲ್ಲದೆ ಗಾಳಿಯಾಡಬೇಕು, ಒಳಗೋಡೆಗಳನ್ನು ಮುಂದಿನವರು ಬೇಕಾದಂತೆ ಬದಲಿಸಿಕೊಳ್ಳಬೇಕು. ನಕ್ಷೆ ನನ್ನದು, ಸಹಿಯೂ ನನ್ನದೇ. ಜಂಬವೂ ಇತ್ತು.

ಮರುದಿನ ಕಟ್ಟಡದ ಯಜಮಾನರ ಬಳಿ ಹೋಗಿ, ನೆಲಮಾಳಿಗೆ ಕೈಬಿಡೋಣ ಎಂದೆ.

"ಮಣ್ಣಿನ ಪರೀಕ್ಷೆ ಪಾಸಾಗಿದೆಯಲ್ರೀ. ಕಾರು ಎಲ್ಲಿ ನಿಲ್ಸೋದು? ಒಂದು ಪಂಪ್ ಇಟ್ರಾಯ್ತು, ಬುಡಿ ಮೇಡಂ."

ಇಲ್ಲಿಯವರು ನಗುತ್ತಾ 'ಬುಡಿ' ಎಂದರೆ ಮಾತು ಮುಗಿಯಿತೆಂದು ಅರ್ಥ. ಪರೀಕ್ಷೆ ನಡೆದದ್ದು ಕಡು ಬೇಸಿಗೆಯಲ್ಲಿ, ನೀರು ಆಳಕ್ಕಿಳಿದಿದ್ದಾಗ; ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಮ್ಮೂರಲ್ಲಾದರೆ ಜಗಳಕ್ಕೆ ನಿಲ್ಲುತ್ತಿದ್ದೆ. ಈ ನಯದ ಮಾತಿಗೆ ಎದುರಾಡುವುದು ನನಗೆ ಬರಲಿಲ್ಲ. ನೆಲಮಾಳಿಗೆಯಿದ್ದ ನಕ್ಷೆಗೇ ಸಹಿ ಹಾಕಿದೆ.

ಈಗ ನಾಲ್ಕು ವರ್ಷ. ವಿದ್ಯಾರಣ್ಯಪುರಂನ ಬಾಡಿಗೆ ಮನೆಯಲ್ಲಿ ನಾನು ರೊಟ್ಟಿ ಬಡಿಯುವ ಸದ್ದಿಗೆ ಗೊಣಗುತ್ತಿದ್ದ ಕೆಳಮನೆಯವರು ಈಗ ಎರಡು ಕೇಳಿ ಪಡೆಯುತ್ತಾರೆ. ಮುದ್ದೆಯನ್ನು ಅಗಿಯದೆ ನುಂಗಲು ನಾನೂ ಕಲಿತಿದ್ದೇನೆ. ಕಟ್ಟಡ ನೋಡಲು ವಿದ್ಯಾರ್ಥಿಗಳು ಬರುತ್ತಾರೆ. ಅವರನ್ನು ಮೇಲಿನ ಮಹಡಿಗಳಿಗಷ್ಟೇ ಕರೆದೊಯ್ಯುತ್ತೇನೆ.

ನೆಲಮಾಳಿಗೆಯ ಪಂಪು ನಿಂತದ್ದೇ ಇಲ್ಲ. ಕಂಬಗಳ ಮೇಲೆ ತೇವದ ಗೆರೆ ಏರುತ್ತಿದೆ. ಆಗಾಗ ಇಳಿದು ಪೆನ್ಸಿಲಿನಿಂದ ಗುರುತು ಹಾಕುತ್ತೇನೆ. ಹೋದ ವರ್ಷ ಮೊಣಕಾಲಿನಷ್ಟಿತ್ತು. ಈಗ ಸೊಂಟಕ್ಕೆ ಬಂದಿದೆ. ಪುಟ್ಟಸ್ವಾಮಿ ಬಂದು ನೋಡಿದರು, ಗೆರೆಯನ್ನು ಬೆರಳಿನಿಂದ ಸವರಿ ಹೊರಟರು. ಬೈದಿದ್ದರೆ ಸಮಾಧಾನವಾಗುತ್ತಿತ್ತು.

ಮೊನ್ನೆ ಗುರುತು ಹಾಕುತ್ತಿರುವಾಗ ಅಕ್ಕ ಫೋನ್ ಮಾಡಿದಳು. ನೀರಿನ ಟ್ಯಾಂಕರ್ ಸಾಲಿನಲ್ಲಿ ಕೊಡ ಇಟ್ಟು ನಿಂತಿದ್ದಳಂತೆ.

"ಅದೇನ ಸಪ್ಪಳ?"

"ಪಂಪು. ನೀರು ಹೊರಗ ಹಾಕಲಕತ್ತದ."

"ಹೊರಗ ಅಂದ್ರ?"

"ಮೋರಿಗಿ."

ಅಕ್ಕ ಕೊಡ ಮುಂದೆ ಸರಿಸಿದ ಸದ್ದು ಕೇಳಿತು. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದಳು: "ನೀ ಪೂಜಿ ಮಾಡಿದ ಗಂಗಿನೇ ಏನ ಅಕಿ?"

ಪಂಪು ನಿಲ್ಲಿಸಿದರೆ ಕಂಬಗಳು ನೀರಲ್ಲಿ ನಿಂತು ಬಲ ಕಳೆದುಕೊಳ್ಳುತ್ತವೆ; ಅದು ಮೇಲೆ ಕೂತು ದುಡಿಯುವವರಿಗೆ ದ್ರೋಹ. ಓಡಲು ಬಿಟ್ಟು ಅಕ್ಕನಿಗೆ ಏನೆಂದು ಹೇಳಲಿ? ಆ ಸದ್ದು ಅವಳಿಗೆ ಕೇಳದಿರಲೆಂದು ಫೋನಿಗೆ ಅಂಗೈ ಅಡ್ಡ ಹಿಡಿದೆ.